ಸ್ಕ್ಯಾನಿಂಗ್ ಮಷೀನು ನಮ್ಮ ಜಿಲ್ಲೆಯಲ್ಲೇ ಇದೆ, ಕರುಳು ನೋಡುವುದನ್ನು ಕಲಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿದ್ದು ಎಲ್ಲರಿಗೂ ಗೊತ್ತು. ಏಮ್ಸ್ ಬರಲೇಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಕೆಲವಿವೆ. ಹೊಸ ಕಟ್ಟಡ ಬೇಡ, ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡ. ಈಗ ನಮ್ಮ ಆಸ್ಪತ್ರೆಗಳಲ್ಲಿ ಇರುವ ಯಂತ್ರದಿಂದಲೇ ಆಗುತ್ತದೆ. ಅಂಥ ಒಂದು ಕೆಲಸ, ಅಂದರೆ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಮಷೀನಿನಿಂದ ಕರುಳಿನ ಕಾಯಿಲೆ ನೋಡುವುದರ ಬಗ್ಗೆ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಲಿಂಗಸುಗೂರಿನವನು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್. ನನಗೆ ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆ ಇದೆ. 1932ರಲ್ಲಿ ಅಮೆರಿಕದ ಕ್ರೋನ್ ಎಂಬ ಡಾಕ್ಟರು ತಮ್ಮ ಇಬ್ಬರು ಜೊತೆಗಾರರ ಸಂಗಡ ಇದರ ಬಗ್ಗೆ ಬರೆದರು, ಹಾಗಾಗಿ ಆ ಹೆಸರು. ಇದರ ಜೊತೆಗಿನ ಇನ್ನೊಂದು ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್. ಅದು ದೊಡ್ಡ ಕರುಳಿಗೆ ಬರುತ್ತದೆ, ಗುದದ್ವಾರದ ಕಡೆಯಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಹಾಗಲ್ಲ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಜಾಸ್ತಿ ಕಾಣಿಸಿಕೊಳ್ಳುವುದು ಸಣ್ಣ ಕರುಳು ಹೋಗಿ ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ, ಅಂದರೆ ಹೊಟ್ಟೆಯ ಬಲಗಡೆ ಕೆಳಗೆ. ನನಗೂ ಅಲ್ಲೇ. ನಮ್ಮ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ, ಉರಿಯೂತ ಆಗುತ್ತದೆ. ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ. ಆದರೆ ಸರಿಯಾದ ಔಷಧಿ ಸರಿಯಾದ ಹೊತ್ತಿಗೆ ಸಿಕ್ಕರೆ ಎಲ್ಲರ ಹಾಗೆ ದುಡಿದು ಬದುಕಬಹುದು.

ಸಂಡಾಸಿನ ವಿಷಯ ಪೇಪರಿನಲ್ಲಿ ಬರೆಯುತ್ತೀರಾ ಅಂತ ಮನೆಯವಳು ಕೇಳಿದಳು. ಬರೆಯದಿದ್ದರೆ ಯಾರಿಗೆ ಗೊತ್ತಾಗಬೇಕು? ಬಿಪಿ, ಶುಗರ್ ಇದ್ದವರು ಚಹಾ ಅಂಗಡಿಯಲ್ಲಿ ನಿಂತು ಎಲ್ಲರ ಮುಂದೆ ಹೇಳುತ್ತಾರೆ. ಈ ಕಾಯಿಲೆ ಇದ್ದವರು ಬಾಯಿ ಬಿಡುವುದಿಲ್ಲ. ಅದಕ್ಕೇ ನಮ್ಮಂಥವರು ಎಷ್ಟು ಜನ ಇದ್ದಾರೆ ಅನ್ನುವುದು ಆಸ್ಪತ್ರೆಗೂ ತಿಳಿಯುವುದಿಲ್ಲ, ಸರ್ಕಾರಕ್ಕೂ ತಿಳಿಯುವುದಿಲ್ಲ.

ನನ್ನ ಕೆಲಸದಲ್ಲಿ ಈ ಕಾಯಿಲೆ ಅಂದರೆ ಏನು ಅನ್ನುವುದನ್ನು ಹೇಳುತ್ತೇನೆ. ಬೆಳಗಿನ ಬಸ್ಸು ಲಿಂಗಸುಗೂರು ಬಿಟ್ಟು ಕವಿತಾಳ, ಸಿರವಾರದ ಮೇಲೆ ರಾಯಚೂರಿಗೆ ಹೋಗುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಬಂತು. ಒಳ್ಳೆಯ ಯೋಜನೆ. ಬಸ್ಸುಗಳು ತುಂಬಿ ಹೋಗುತ್ತವೆ. ಹಿಂದಿನ ಬಾಗಿಲಿನಿಂದ ಡ್ರೈವರ್ ತನಕ ಜನರ ನಡುವೆ ನುಸುಳಿಕೊಂಡು ಮಷೀನಿನಲ್ಲಿ ಎಲ್ಲರಿಗೂ ಟಿಕೆಟ್ ಕೊಡಬೇಕು, ಸೊನ್ನೆ ಟಿಕೆಟ್ ಆದರೂ ಕೊಡಲೇಬೇಕು. ಆ ಹೊತ್ತಿಗೆ ಹೊಟ್ಟೆ ಹಿಂಡಿತು ಅಂದರೆ ತಡೆಯುವುದಕ್ಕೆ ಆಗುವುದಿಲ್ಲ. ಮುಂದಿನ ನಿಲ್ದಾಣದವರೆಗೆ ತಾಳಿಕೋ ಅನ್ನುವ ಮಾತು ಈ ಕಾಯಿಲೆಗೆ ತಿಳಿಯದು. ನನ್ನ ಜೊತೆ ಓಡುವ ಡ್ರೈವರ್ ಅಣ್ಣನ ಋಣ ದೊಡ್ಡದು. ನನ್ನ ಮುಖ ನೋಡಿಯೇ ಹೊಲದ ಬದಿಗೆ ಗಾಡಿ ಹಾಕುತ್ತಿದ್ದರು, ಪ್ಯಾಸೆಂಜರ್ ಕೇಳಿದರೆ ಗಾಳಿ ನೋಡಬೇಕು ಅಂತ ಟೈರಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಡೂಟಿ ಇದ್ದ ದಿನ ನಾನು ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ಮಧ್ಯಾಹ್ನ ರಾಯಚೂರಿನಲ್ಲಿ ಅರ್ಧ ರೊಟ್ಟಿ. ಪ್ಯಾಂಟು ಸಡಿಲಾಗುತ್ತಾ ಬಂದು ಬೆಲ್ಟಿಗೆ ಹೊಸ ತೂತು ಹಾಕಿಸಿದೆ.

ಕಾಯಿಲೆ ಯಾವುದು ಅಂತ ಗೊತ್ತಾಗುವುದಕ್ಕೇ ಬಹಳ ಕಾಲ ಹಿಡಿಯಿತು. ಮೊದಲು ಗ್ಯಾಸ್ ಅಂದರು. ಖಾರ ಬಿಡಿ ಅಂದರು. ನಮ್ಮ ಕಡೆ ಖಾರ ಬಿಡುವುದೆಂದರೆ ಊಟವನ್ನೇ ಬಿಟ್ಟ ಹಾಗೆ, ಆದರೂ ಬಿಟ್ಟೆ. ಆಮೇಲೆ ಆಮಶಂಕೆ ಅಂದರು, ಒಬ್ಬರು ಮೂಲವ್ಯಾಧಿ ಅಂದರು. ಸಂಜೆ ಹೊತ್ತು ಜ್ವರ ಬರತೊಡಗಿದ ಮೇಲೆ ಕರುಳಿನ ಟಿಬಿ ಇರಬೇಕು ಅಂತ ಔಷಧಿ ಶುರು ಮಾಡಿದರು. ಆ ಡಾಕ್ಟರನ್ನು ನಾನು ದೂರುವುದಿಲ್ಲ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಎರಡೂ ಅದೇ ಬಲಗಡೆ ಕೆಳಗಿನ ಜಾಗ ಹಿಡಿಯುತ್ತವೆ. ಎರಡರಲ್ಲೂ ಹುಣ್ಣು, ಎರಡರಲ್ಲೂ ತೂಕ ಇಳಿಯುವುದು, ಎರಡರಲ್ಲೂ ಜ್ವರ. ಬಯಾಪ್ಸಿ ಅಂತ ಕರುಳಿನ ಚೂರು ತೆಗೆದು ಪರೀಕ್ಷಿಸಿದರೂ ಎಷ್ಟೋ ಸಲ ಬಿಡಿಸಿ ಹೇಳಲು ಆಗುವುದಿಲ್ಲ. ಅದು ಬಿಟ್ಟು, ಟಿಬಿ ಇದ್ದವರಿಗೆ ಕ್ರೋನ್ಸ್‌ನ ಔಷಧಿ ಕೊಟ್ಟರೆ ಟಿಬಿ ಮೈಯೆಲ್ಲ ಹಬ್ಬುವ ಅಪಾಯ ಇದೆ. ಹಾಗಾಗಿ ಮೊದಲು ಟಿಬಿ ಔಷಧಿ ಕೊಟ್ಟು ನೋಡುವುದು ದೊಡ್ಡ ಊರಿನ ದೊಡ್ಡ ಡಾಕ್ಟರುಗಳೂ ಮಾಡುವ ಕ್ರಮವೇ. ನನ್ನ ಸಂಕಟ ಬೇರೆ. ಔಷಧಿ ಶುರುವಾದ ಮೇಲೆ ಕರುಳು ಸುಧಾರಿಸುತ್ತಿದೆಯೋ ಇಲ್ಲವೋ ಅಂತ ನಡುವೆ ಯಾರೂ ನೋಡಲಿಲ್ಲ. ಟಿಬಿ ಆಗಿದ್ದರೆ ಎರಡು ತಿಂಗಳ ಹೊತ್ತಿಗೆ ಹುಣ್ಣು ಮಾಯುವುದು ಕಾಣಬೇಕು. ನಾನು ಕೆಂಪು ಮೂತ್ರ ಮಾಡುತ್ತಾ, ವಾಂತಿ ತಡೆದುಕೊಳ್ಳುತ್ತಾ ಕೋರ್ಸ್ ಪೂರ್ತಿ ಮುಗಿಸಿದೆ. ಮುಗಿದ ಮೇಲೂ ಹೊಟ್ಟೆ ಅದೇ ಹೊಟ್ಟೆ.

ನಂತರ ಹೈದರಾಬಾದಿಗೆ ಹೋದೆ. ರಾಯಚೂರು ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ತೆಲುಗು, ಹಿಂದಿ ಎರಡೂ ಬರುವುದರಿಂದ ಮಾತಿಗೂ ತೊಂದರೆ ಇಲ್ಲ. ಅಲ್ಲಿ ಕೊಲೊನೋಸ್ಕೋಪಿ, ಬಯಾಪ್ಸಿ ಎಲ್ಲ ಮಾಡಿ ಕ್ರೋನ್ಸ್ ಅಂತ ಹೇಳಿದರು.

ಕೊಲೊನೋಸ್ಕೋಪಿ ಅಂದರೆ ಹಿಂದಿನಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನೆಲ್ಲ ನೋಡುವುದು. ನೋಡುವ ಹೊತ್ತಿನಲ್ಲಿ ಮಂಪರು ಔಷಧಿ ಕೊಡುತ್ತಾರೆ, ಅಷ್ಟು ಗೊತ್ತಾಗುವುದಿಲ್ಲ. ಕಷ್ಟ ಇರುವುದು ಹಿಂದಿನ ರಾತ್ರಿ. ಕರುಳು ಖಾಲಿ ಆಗಬೇಕು ಅಂತ ಲೀಟರುಗಟ್ಟಲೆ ಔಷಧಿ ನೀರು ಕುಡಿಯಬೇಕು. ಮೊದಲೇ ಹೊಟ್ಟೆ ಝಾಡಿಸುವವನಿಗೆ ಮತ್ತೆ ಜುಲಾಬು. ಹೈದರಾಬಾದಿನಲ್ಲಿ ಮನೆ ಇದ್ದವರು ಮನೆಯಲ್ಲಿ ಕುಡಿಯುತ್ತಾರೆ. ನಮ್ಮಂಥವರು ಆಸ್ಪತ್ರೆ ಪಕ್ಕದ ಲಾಡ್ಜಿನಲ್ಲಿ. ಸೋವಿ ರೂಮುಗಳಿಗೆ ಸಂಡಾಸು ಹೊರಗೆ, ನಾಲ್ಕು ರೂಮಿಗೆ ಒಂದು. ಬಾಗಿಲು ಬಡಿಯುವ ಜನ ಹೊರಗೆ, ಒಳಗೆ ನಾನು. ಮನೆಯವಳು ಬಕೆಟ್ ಹಿಡಿದುಕೊಂಡು ಹೊರಗೆ ನಿಂತು ಎಲ್ಲರಿಗೂ ಕೈ ಮುಗಿಯುತ್ತಿದ್ದಳು. ಆ ರಾತ್ರಿ ಅವಳ ಮುಖ ನೋಡಲು ಆಗಲಿಲ್ಲ. ಮರುದಿನ ಪರೀಕ್ಷೆ, ಜೊತೆಗೆ ಒಬ್ಬರು ಇರಲೇಬೇಕು. ಹೋಗಿ ಬರುವ ರೈಲು, ಲಾಡ್ಜು, ಊಟ, ಇಬ್ಬರ ದುಡಿಮೆ ನಷ್ಟ. ಪರೀಕ್ಷೆಯ ಫೀಸು ಬೇರೆ.

ಒಂದು ಸಲ ಆದರೆ ಸರಿ, ಮಾಡಿಸಲೇಬೇಕು. ಆದರೆ ಈ ಕಾಯಿಲೆಯಲ್ಲಿ ಒಂದು ಸಲಕ್ಕೆ ಮುಗಿಯುವುದಿಲ್ಲ. ಔಷಧಿ ಶುರು ಮಾಡಿದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಅಂತ ಕೆಲವು ತಿಂಗಳಿಗೊಮ್ಮೆ ನೋಡಬೇಕು. ಮಾಡದಿದ್ದರೆ ಬದಲಿಸಬೇಕು. ಈ ಔಷಧಿಗಳು ಸುಮ್ನೆ ನುಂಗುವಂಥವಲ್ಲ. ಅಜಥಯೋಪ್ರಿನ್ ತೆಗೆದುಕೊಂಡರೆ ಬಿಳಿ ರಕ್ತಕಣ ಇಳಿಯಬಹುದು, ಆಗಾಗ ರಕ್ತ ಪರೀಕ್ಷೆ ಬೇಕು. ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಎಂಬ ಇಂಜೆಕ್ಷನ್‌ಗಳ ಬೆಲೆ ಕೇಳಿದರೆ ಸಂಬಳದವನಿಗೂ ತಲೆ ತಿರುಗುತ್ತದೆ. ಅಷ್ಟು ದುಬಾರಿ ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಒಂದು ವರ್ಷ ಕಳೆದ ಮೇಲೆ ಗೊತ್ತಾದರೆ ಏನು ಉಪಯೋಗ?

ಮುಂದಿನ ಒಂದು ಭೇಟಿಯಲ್ಲಿ ಆದದ್ದನ್ನು ಹೇಳಲಿಕ್ಕೇ ಈ ಪತ್ರ. ಡಾಕ್ಟರ ಕೋಣೆಯಲ್ಲೇ ಪರದೆಯ ಹಿಂದೆ ಒಂದು ಮಂಚ, ಅದರ ಪಕ್ಕ ಅಲ್ಟ್ರಾಸೌಂಡ್ ಮಷೀನು. ಗರ್ಭಿಣಿಯರಿಗೆ, ಕಿಡ್ನಿ ಕಲ್ಲಿನವರಿಗೆ ಮಾಡುವ ಅದೇ ಸ್ಕ್ಯಾನಿಂಗ್. ಬೇರೆ ಕಡೆ ಚೀಟಿ ಬರೆದು ಕಳಿಸಲಿಲ್ಲ. ಬೆಳಿಗ್ಗೆ ಇಡ್ಲಿ ತಿಂದು ಬಂದಿದ್ದೇನೆ ಅಂದೆ, ಪರವಾಗಿಲ್ಲ ಮಲಗಿ ಅಂದರು. ಅಂಗಿ ಮೇಲೆತ್ತಿ ಜೆಲ್ ಹಚ್ಚಿದರು. ಮೊದಲು ದೊಡ್ಡ ಪ್ರೋಬ್, ಅಂದರೆ ಮೈಮೇಲೆ ಆಡಿಸುವ ಹಿಡಿಕೆ, ಇಟ್ಟು ಇಡೀ ಹೊಟ್ಟೆಯ ಮೇಲೆ ಒಂದು ಸುತ್ತು ನೋಡಿದರು. ಆಮೇಲೆ ಥೈರಾಯ್ಡ್ ನೋಡಲು ಬಳಸುವ ಚಪ್ಪಟೆ ಪ್ರೋಬ್ ತೆಗೆದುಕೊಂಡರು. ಎಡಗಡೆ ಕೆಳಗಿನಿಂದ ಶುರು ಮಾಡಿ ದೊಡ್ಡ ಕರುಳು ಹೋಗುವ ದಾರಿಯಲ್ಲೇ ಮೇಲಕ್ಕೆ, ಅಡ್ಡಕ್ಕೆ, ಮತ್ತೆ ಬಲಗಡೆ ಕೆಳಕ್ಕೆ ಮೆಲ್ಲಗೆ ಒತ್ತುತ್ತಾ ಬಂದರು. ಒತ್ತಿದಾಗ ಕರುಳಿನೊಳಗಿನ ಗ್ಯಾಸು ಪಕ್ಕಕ್ಕೆ ಸರಿಯುತ್ತದಂತೆ. ಬಲಗಡೆ ಮೂಲೆಗೆ ಬಂದು ನಿಲ್ಲಿಸಿ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಇದು ನಿಮ್ಮ ಸಣ್ಣ ಕರುಳಿನ ಕೊನೆ, ಇದು ಅದರ ಗೋಡೆ ಅಂತ ತೆಲುಗಿನಲ್ಲಿ ಹೇಳಿ ಎರಡು ಗುರುತು ಹಾಕಿದರು. 6.5 ಮಿಲಿಮೀಟರ್ ಅಂತ ತೋರಿಸಿತು. ಮೂರರ ಒಳಗೆ ಇರಬೇಕಿತ್ತು ಅಂದರು. ಒಂದು ಬಟನ್ ಒತ್ತಿದರು, ಗೋಡೆಯ ತುಂಬ ಕೆಂಪು ನೀಲಿ ಚುಕ್ಕೆ ಮಿಣುಕತೊಡಗಿದವು. ರಕ್ತ ಜಾಸ್ತಿ ನುಗ್ಗುತ್ತಿದೆ, ಉರಿಯೂತ ಇನ್ನೂ ಜೋರಾಗಿದೆ ಅನ್ನುವುದಕ್ಕೆ ಗುರುತು ಅದು.

ಆ ದಿನ ನನಗೆ ಹೊಟ್ಟೆನೋವು ಇರಲಿಲ್ಲ! ನಾನು ಆರಾಮ ಇದ್ದೇನೆ ಸರ್ ಅಂತ ಹೇಳಿ ಮಂಚ ಹತ್ತಿದ್ದೆ. ಸ್ಕ್ಯಾನಿಂಗ್ ಮಾಡದಿದ್ದರೆ ಅದೇ ಮಾತ್ರೆ ಮುಂದುವರಿಸಿ ಅಂತ ಬರೆದು ಕಳಿಸುತ್ತಿದ್ದರು. ಹತ್ತಿಪ್ಪತ್ತು ನಿಮಿಷದ ಕೆಲಸದಲ್ಲಿ ಔಷಧಿ ಸಾಲುತ್ತಿಲ್ಲ ಅಂತ ಗೊತ್ತಾಯಿತು, ಅವತ್ತೇ ಬದಲಿಸಿದರು. ಜುಲಾಬಿಲ್ಲ, ಮಂಪರಿಲ್ಲ, ಸೂಜಿ ಇಲ್ಲ, ವಿಕಿರಣ ಇಲ್ಲ. ಜೆಲ್ ಒರೆಸಿಕೊಂಡು ಎದ್ದು, ಸಂಜೆಯ ರೈಲು ಹಿಡಿದೆವು.

ಇನ್ನೊಂದು ಸಲ ಇದಕ್ಕೆ ಉಲ್ಟಾ ಆಯಿತು. ಹೊಟ್ಟೆ ನೋವು, ಹೊಟ್ಟೆ ಉಬ್ಬರ, ಎರಡು ಮೂರು ಸಲ ಸಂಡಾಸು. ಕಾಯಿಲೆ ಮತ್ತೆ ಎದ್ದಿತು ಅಂತಲೇ ಹೆದರಿ ಹೋಗಿದ್ದೆ. ಮೊದಲೆಲ್ಲ ಹೀಗಾದಾಗ ಊರಿನಲ್ಲಿ ಸ್ಟೀರಾಯ್ಡ್ ಮಾತ್ರೆ ಬರೆದುಬಿಡುತ್ತಿದ್ದರು. ತಿಂದು ತಿಂದು ಮುಖ ಊದಿಕೊಂಡಿತ್ತು, ಶುಗರ್ ಏರಿತ್ತು, ರಾತ್ರಿ ನಿದ್ದೆ ಇರಲಿಲ್ಲ. ಈ ಸಲ ಪ್ರೋಬ್ ಇಟ್ಟು ನೋಡಿದರು. ಗೋಡೆ 3 ಮಿಲಿಮೀಟರಿಗಿಂತ ಕಡಿಮೆ, ಬಣ್ಣದ ಚುಕ್ಕೆ ಇಲ್ಲ. ಕರುಳು ಶಾಂತವಾಗಿದೆ, ಸ್ಟೀರಾಯ್ಡ್ ಬೇಡ ಅಂದರು. ಖಚಿತ ಮಾಡಿಕೊಳ್ಳಲು ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಪರೀಕ್ಷೆ ಬರೆದರು, ಉರಿಯೂತ ಇದ್ದರೆ ಅದು ಏರುತ್ತದೆ. ಅದೂ ಸರಿಯಾಗಿಯೇ ಬಂತು. ನೋವಿಗೆ ಬೇರೆ ಮಾತ್ರೆ, ಊಟದಲ್ಲಿ ಸ್ವಲ್ಪ ಬದಲಾವಣೆ, ಅಷ್ಟಕ್ಕೇ ಹೋಯಿತು. ಹೊಟ್ಟೆ ಹೇಳುವುದೇ ಒಂದು, ಕರುಳಿನಲ್ಲಿ ಇರುವುದೇ ಒಂದು ಅನ್ನುವುದು ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ ಅಂತ ಡಾಕ್ಟರು ಹೇಳಿದರು. ನೋವು ಕೇಳಿಯೇ ಔಷಧಿ ಕೊಟ್ಟರೆ ಎರಡು ಕಡೆಯೂ ತಪ್ಪುತ್ತದೆ ಅಲ್ವಾ?

ಮಗಳು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಅವಳು ಇದರ ಬಗ್ಗೆ ಓದಿ ನನಗೆ ಬಿಡಿಸಿ ಹೇಳಿದಳು. ಕೊಲೊನೋಸ್ಕೋಪಿ ಮನೆಯೊಳಗೆ ನಿಂತು ಗೋಡೆಗೆ ಬಳಿದ ಸುಣ್ಣ ನೋಡಿದ ಹಾಗೆ ಅಪ್ಪ, ಅಲ್ಟ್ರಾಸೌಂಡ್ ಗೋಡೆಯ ದಪ್ಪವನ್ನೇ ಅಳೆಯುತ್ತದೆ ಅಂದಳು. ಕ್ರೋನ್ಸ್ ಒಳಪದರಕ್ಕೆ ನಿಲ್ಲುವುದಿಲ್ಲ, ಕರುಳಿನ ಗೋಡೆಯ ಆರಪಾರ ಇಳಿಯುತ್ತದೆ. ಗೋಡೆ ದಪ್ಪವಾಗಿ ದಾರಿ ಕಿರಿದಾಗಬಹುದು. ತೂತು ಬಿದ್ದು ಪಕ್ಕದ ಕರುಳಿಗೋ, ಚರ್ಮಕ್ಕೋ ದಾರಿ ಆಗಬಹುದು. ಕೀವು ಕಟ್ಟಬಹುದು. ಕರುಳಿನ ಸುತ್ತಲಿನ ಕೊಬ್ಬು ಊದುತ್ತದೆ, ಗಂಟುಗಳು ದೊಡ್ಡದಾಗುತ್ತವೆ. ಇವೆಲ್ಲ ಗೋಡೆಯ ಆಚೆಗಿನ ವಿಷಯ. ಅಲ್ಟ್ರಾಸೌಂಡಿನಲ್ಲಿ ಇವನ್ನು ನೋಡಬಹುದು. ಆರೋಗ್ಯವಂತ ಕರುಳಿನ ಗೋಡೆ ಪದರ ಪದರವಾಗಿ ಕಾಣುತ್ತದೆ. ಕಾಯಿಲೆ ಜೋರಾದಾಗ ಆ ಪದರಗಳೇ ಕಲಸಿಹೋಗುತ್ತವೆ. ಕೊಲೈಟಿಸ್‌ನವರಿಗೂ ದೊಡ್ಡ ಕರುಳಿನ ಗೋಡೆ ದಪ್ಪವಾಗುತ್ತದೆ, ಔಷಧಿ ಹಿಡಿದರೆ ಇಳಿಯುತ್ತದೆ. ಜರ್ಮನಿಯಲ್ಲಿ ಕೊಲೈಟಿಸ್ ರೋಗಿಗಳ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿ ಶುರುವಾದ ಎರಡೇ ವಾರದಲ್ಲಿ ಗೋಡೆ ತೆಳುವಾಗುವುದು ಕಂಡಿತು. ಎರಡು ವಾರ! ನಾನು ಟಿಬಿ ಔಷಧಿಯ ಪೂರ್ತಿ ಕೋರ್ಸ್ ಮುಗಿಯುವವರೆಗೆ ಉತ್ತರಕ್ಕೆ ಕಾದಿದ್ದೆ. ಸ್ಕ್ಯಾನಿಂಗಿನಿಂದ ಟಿಬಿಯೋ ಕ್ರೋನ್ಸೋ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ, ಅದು ನನಗೆ ಗೊತ್ತು. ಆದರೆ ಔಷಧಿ ಶುರುವಾದ ಮೇಲೆ ಗೋಡೆ ಇದ್ದ ಹಾಗೆಯೇ ಇದೆ ಅನ್ನುವುದನ್ನಾದರೂ ನೋಡಿ, ಮುಂದಿನ ಪರೀಕ್ಷೆಗೆ ಬೇಗ ಕಳಿಸಬಹುದಿತ್ತು.

ಜರ್ಮನಿ, ಇಟಲಿಗಳಲ್ಲಿ ಕರುಳಿನ ಡಾಕ್ಟರುಗಳೇ ಪ್ರೋಬ್ ಹಿಡಿಯುವುದು ಹಳೆಯ ರೂಢಿ. ಇಂಗ್ಲೆಂಡಿನವರು ಎಂಟು ಆಸ್ಪತ್ರೆಗಳಲ್ಲಿ 284 ಕ್ರೋನ್ಸ್ ರೋಗಿಗಳಿಗೆ ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಮಾಡಿ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಸಣ್ಣ ಕರುಳಿನಲ್ಲಿ ಕಾಯಿಲೆ ಇದ್ದವರಲ್ಲಿ ನೂರಕ್ಕೆ 97 ಜನರನ್ನು ಎಂಆರ್‌ಐ ಹಿಡಿಯಿತು, 92 ಜನರನ್ನು ಅಲ್ಟ್ರಾಸೌಂಡ್ ಹಿಡಿಯಿತು. ಕಾಯಿಲೆ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಸರಿಯಾಗಿ ಹೇಳುವುದರಲ್ಲಿ ಎಂಆರ್‌ಐ 80, ಅಲ್ಟ್ರಾಸೌಂಡ್ 70. ಎಂಆರ್‌ಐ ಮುಂದಿದೆ, ನಿಜ. ಆದರೆ ಎಂಆರ್‌ಐ ಬೆಲೆ ನೋಡಿ, ಸರದಿ ನೋಡಿ. ಸಿಟಿ ಮಾಡಿಸಿದರೆ ಪ್ರತಿ ಸಲ ವಿಕಿರಣ ಮೈಗೆ ಬೀಳುತ್ತದೆ. ಇದು ಹೆಚ್ಚಾಗಿ ಹರೆಯದವರಿಗೆ ಬರುವ ಕಾಯಿಲೆ. ಇಪ್ಪತ್ತರ ಹುಡುಗನಿಗೆ ಜೀವಮಾನದಲ್ಲಿ ಎಷ್ಟು ಸಿಟಿ ಮಾಡುತ್ತೀರಿ?

ಅಲ್ಟ್ರಾಸೌಂಡಿಗೂ ಮಿತಿ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಓದಿದವರು ದಾರಿ ತಪ್ಪುತ್ತಾರೆ. ಮೊದಲ ಸಲ ಕಾಯಿಲೆ ಯಾವುದು ಅಂತ ತಿಳಿಯಲು ಕೊಲೊನೋಸ್ಕೋಪಿ, ಬಯಾಪ್ಸಿ ಬೇಕೇ ಬೇಕು. ದೊಡ್ಡ ಕರುಳಿನಲ್ಲಿ ಬಹಳ ವರ್ಷ ಕಾಯಿಲೆ ಇದ್ದವರಿಗೆ ಕ್ಯಾನ್ಸರ್ ಭಯ ಇರುತ್ತದೆ, ಅದಕ್ಕೂ ಕ್ಯಾಮೆರಾ ಪರೀಕ್ಷೆಯೇ ಆಗಬೇಕು. ಗುದದ ಹತ್ತಿರದ ಕರುಳು ಸೊಂಟದ ಮೂಳೆಗಳ ಆಳದಲ್ಲಿ ಇರುವುದರಿಂದ ಹೊಟ್ಟೆಯ ಮೇಲಿನಿಂದ ಚೆನ್ನಾಗಿ ಕಾಣುವುದಿಲ್ಲ. ಕೊಲೈಟಿಸ್ ಅಲ್ಲಷ್ಟೇ ಇರುವವರಿಗೆ ಇದರಿಂದ ಅಷ್ಟು ಪ್ರಯೋಜನ ಇಲ್ಲ. ಮೈ ದಪ್ಪ ಇದ್ದವರಲ್ಲಿ, ಗ್ಯಾಸ್ ತುಂಬಿದವರಲ್ಲಿ ನೋಡುವುದು ಕಷ್ಟ. ಎಲ್ಲಕ್ಕಿಂತ ದೊಡ್ಡ ಮಾತು, ನೋಡುವ ಕೈಯ ಮೇಲೆ ಇದು ನಿಂತಿದೆ. ಕಲಿತವರಿಗೆ ಕಾಣುತ್ತದೆ, ಕಲಿಯದವರಿಗೆ ಅದೇ ಸ್ಕ್ರೀನಿನಲ್ಲಿ ಏನೂ ಕಾಣುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕೊರತೆ ಇರುವುದು ಇಲ್ಲೇ. ನನ್ನ ಹಳೆಯ ಫೈಲಿನಲ್ಲಿ ಊರಲ್ಲಿ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟುಗಳು ಎಷ್ಟೋ ಇವೆ. ಲಿವರ್ ಸರಿ, ಪಿತ್ತಕೋಶ ಸರಿ, ಕಿಡ್ನಿ ಸರಿ. ಕೊನೆಯಲ್ಲಿ ಒಂದು ಸಾಲು, ಕರುಳಿನಲ್ಲಿ ಗ್ಯಾಸ್ ಜಾಸ್ತಿ ಇದೆ ಅಂತ. ನನ್ನ ಕಾಯಿಲೆ ಇದ್ದದ್ದೇ ಆ ಕೊನೆಯ ಸಾಲಿನಲ್ಲಿ. ಸ್ಕ್ಯಾನಿಂಗ್ ಡಾಕ್ಟರುಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಬಾಗಿಲ ಮುಂದೆ ಬೆಳಿಗ್ಗೆಯಿಂದ ಗರ್ಭಿಣಿಯರ ಸಾಲು ನಿಂತಿರುತ್ತದೆ. ನಡುವೆ ಆಕ್ಸಿಡೆಂಟ್ ಕೇಸು ಬರುತ್ತದೆ. ಒಬ್ಬರಿಗೆ ಇಪ್ಪತ್ತು ನಿಮಿಷ ಕೊಟ್ಟು ಕರುಳಿನ ದಾರಿಯನ್ನೆಲ್ಲ ಹಿಂಬಾಲಿಸಿ ನೋಡು ಅಂದರೆ ಹೇಗೆ ಆಗಬೇಕು? ಕಳಿಸುವ ಡಾಕ್ಟರೂ ಚೀಟಿಯಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಅಂತಷ್ಟೇ ಬರೆಯುತ್ತಾರೆ. ಕರುಳಿನ ಗೋಡೆಯ ದಪ್ಪ ಅಳೆಯಿರಿ, ಬಲಗಡೆ ಕೆಳಗೆ ನೋಡಿ ಅಂತ ಒಂದು ಸಾಲು ಬರೆದರೂ ಎಷ್ಟೋ ವ್ಯತ್ಯಾಸ ಆಗುತ್ತದೆ. ಆ ಒಂದು ಸಾಲಿಗೆ ಖರ್ಚಿಲ್ಲ. ಇವತ್ತೇ ಶುರು ಮಾಡಬಹುದು.

ಸ್ಕ್ಯಾನಿಂಗ್ ಮಷೀನು ಡಾಕ್ಟರ ಕೋಣೆಗೇ ಬರಲಿ ಅಂದರೆ ಕೆಲವರು ಭ್ರೂಣಲಿಂಗ ಪತ್ತೆ ಕಾನೂನನ್ನು ಎತ್ತುತ್ತಾರೆ. ಎತ್ತಲೇಬೇಕಾದ ಮಾತು. 1994ರ ಆ ಕಾನೂನು ಹೆಣ್ಣುಮಕ್ಕಳ ಜೀವ ಉಳಿಸಲು ಬಂದದ್ದು. ನಾನೂ ಹೆಣ್ಣುಮಗಳ ತಂದೆ. ಆ ಕಾನೂನಿನಲ್ಲಿ ಕೂದಲೆಳೆಯಷ್ಟೂ ಸಡಿಲ ಆಗಬಾರದು. ನಾನು ಕೇಳುತ್ತಿರುವುದಕ್ಕೆ ಸಡಿಲ ಮಾಡುವ ಅಗತ್ಯವೂ ಇಲ್ಲ. ಮಷೀನು ಆಸ್ಪತ್ರೆಯ ಹೆಸರಿನಲ್ಲಿ ನೋಂದಣಿ ಆಗಿರಲಿ, ಅದೇ ಆಸ್ಪತ್ರೆಯ ಒಳಗೇ ಇರಲಿ, ಕಾನೂನು ಕೇಳುವ ಅರ್ಹತೆ ಇರುವ ಡಾಕ್ಟರೇ ಹಿಡಿಯಲಿ, ಗೋಡೆಯ ಮೇಲೆ ಬೋರ್ಡೂ ಇರಲಿ. ಗರ್ಭಿಣಿಗೆ ಮಾಡುವಾಗ ತುಂಬಬೇಕಾದ ಫಾರಂ ತುಂಬಲಿ. ಗರ್ಭಿಣಿಯರಲ್ಲೂ ಈ ಕಾಯಿಲೆ ಇದ್ದವರಿದ್ದಾರೆ, ಅವರಿಗೆ ಸಿಟಿ ಮಾಡಲು ಹಿಂಜರಿಯುತ್ತಾರೆ. ಹೊಟ್ಟೆಯ ಮೇಲೆ ಪ್ರೋಬ್ ಇಟ್ಟು ಕರುಳು ನೋಡುವುದು ಅವರಿಗೆ ತುಂಬಾ ಅನುಕೂಲ. ಮಕ್ಕಳಿಗೂ ಅಷ್ಟೇ. ಹೈದರಾಬಾದಿನ ವಾರ್ಡಿನಲ್ಲಿ ಮಸ್ಕಿ ಕಡೆಯ ಒಂದು ಹುಡುಗಿ ಸಿಕ್ಕಿದ್ದಳು, ಹೈಸ್ಕೂಲು ಓದುವ ಕೂಸು. ಕೊಲೊನೋಸ್ಕೋಪಿ ಅಂದ ಕೂಡಲೇ ತಾಯಿಯ ಸೆರಗು ಹಿಡಿದು ಅಳುತ್ತಿದ್ದಳು. ಸ್ಕ್ಯಾನಿಂಗ್ ಮಂಚದ ಮೇಲೆ ಮಾತ್ರ ಸುಮ್ಮನೆ ಮಲಗಿ, ಇದೇನು ಅದೇನು ಅಂತ ಸ್ಕ್ರೀನ್ ತೋರಿಸಿ ಕೇಳಿದಳಂತೆ. ತನ್ನ ಕಾಯಿಲೆಯನ್ನು ತಾನೇ ಕಣ್ಣಾರೆ ನೋಡಿದ ಮೇಲೆ ಮಾತ್ರೆ ತಪ್ಪಿಸುವುದನ್ನು ಬಿಟ್ಟಳು ಅಂತ ಅವರಮ್ಮ ಹೇಳಿದರು. ನನ್ನ ಅನುಭವವೂ ಅದೇ. ಸ್ಕ್ರೀನಿನ ಮೇಲೆ 6.5 ನೋಡಿದವನು ಮಾತ್ರೆ ಮರೆಯುವುದಿಲ್ಲ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ರಾಯಚೂರಿನಲ್ಲಿ ರಿಮ್ಸ್ ವೈದ್ಯಕೀಯ ಕಾಲೇಜು ಇದೆ, ಓಪೆಕ್ ಆಸ್ಪತ್ರೆ ಇದೆ. ಬಳ್ಳಾರಿಯಲ್ಲಿ ನಾವು ಈಗಲೂ ವಿಮ್ಸ್ ಅಂತಲೇ ಕರೆಯುವ ದೊಡ್ಡ ಕಾಲೇಜು ಇದೆ. ಕೊಪ್ಪಳಕ್ಕೂ ವೈದ್ಯಕೀಯ ಕಾಲೇಜು ಬಂದಿದೆ. ಅಲ್ಟ್ರಾಸೌಂಡ್ ಇಲ್ಲದ ವೈದ್ಯಕೀಯ ಕಾಲೇಜು ಎಲ್ಲಿದೆ? ಥೈರಾಯ್ಡ್ ನೋಡುವ ಪ್ರೋಬ್ ಇರುವ ಕಡೆ ಕರುಳನ್ನೂ ನೋಡಬಹುದು. ಬೇಕಾಗಿರುವುದು ಕಲಿಕೆ. ಒಂದೊಂದು ಕಾಲೇಜಿನಿಂದ ಇಬ್ಬರು ಡಾಕ್ಟರನ್ನು, ಒಬ್ಬರು ರೇಡಿಯಾಲಜಿಯವರು, ಒಬ್ಬರು ಮೆಡಿಸಿನ್ ಅಥವಾ ಕರುಳಿನ ವಿಭಾಗದವರು, ಇದನ್ನು ದಿನವೂ ಮಾಡುವ ಆಸ್ಪತ್ರೆಗೆ ಕಳಿಸಿ ಕಲಿಸಿ ತನ್ನಿ. ಹೊರದೇಶಗಳಲ್ಲಿ ಇದಕ್ಕೇ ಅಂತ ತರಬೇತಿ ನಡೆಸುವ ಡಾಕ್ಟರುಗಳ ಅಂತರರಾಷ್ಟ್ರೀಯ ಗುಂಪು ಇದೆ, ನಮ್ಮ ದೇಶದಲ್ಲೂ ಕಲಿತವರು ಇದ್ದಾರೆ. ಬಂದವರು ಉಳಿದವರಿಗೆ ಕಲಿಸಲಿ.

ದುಡ್ಡು ಎಲ್ಲಿಂದ ಅಂತ ಕೇಳುವಂತಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮೇಲಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗುತ್ತಿದೆ. ಅದರಲ್ಲಿ ಕೆಲವು ಡಾಕ್ಟರುಗಳ ತರಬೇತಿಯ ಖರ್ಚು ಲೆಕ್ಕಕ್ಕೇ ಸಿಗುವುದಿಲ್ಲ. ಗೇಟು, ಕಾಂಪೌಂಡು, ಸಿಸಿ ರಸ್ತೆಗೆ ಹೋಗುವ ದುಡ್ಡಿನಲ್ಲಿ ಒಂದು ಚೂರು ಸಾಕು. ಕಣ್ಣಿಗೆ ಕಾಣುವ ಕಾಮಗಾರಿ ಅಲ್ಲ, ಉದ್ಘಾಟನೆಗೆ ರಿಬ್ಬನ್ ಇಲ್ಲ, ಗೊತ್ತು. ಆದರೂ ನಮ್ಮ ಶಾಸಕರು, ಮಂಡಳಿಯವರು ಇದನ್ನು ಓದಬೇಕು ಅನ್ನುವುದು ನನ್ನ ಆಸೆ.

ಇನ್ನೊಂದು ಕೋರಿಕೆ. ವಾರಕ್ಕೆ ಒಂದು ಮಧ್ಯಾಹ್ನ ಕರುಳಿನ ರೋಗಿಗಳಿಗೇ ಅಂತ ಇಡಿ. ಗರ್ಭಿಣಿಯರ ಸಾಲು ಕರಗಿದ ಮೇಲೆ ಸಾಕು. ದೂರದಿಂದ ಬರುವವರು ಆ ದಿನ ನೋಡಿಕೊಂಡು ಬರುತ್ತಾರೆ. ಲಿಂಗಸುಗೂರು, ಸಿಂಧನೂರು, ಮಾನ್ವಿ, ದೇವದುರ್ಗ ಎಲ್ಲಾ ಕಡೆಯಿಂದ ರಾಯಚೂರಿಗೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಷ್ಟು ಬಸ್ಸುಗಳಿವೆ, ಅದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ರೋಗಿಯ ಕೈಗೆ ಒಂದು ಚಿಕ್ಕ ಪುಸ್ತಕ ಕೊಟ್ಟು, ಬಂದ ಪ್ರತಿ ಸಲ ಕರುಳಿನ ಯಾವ ಭಾಗದ ಗೋಡೆ ಎಷ್ಟು ಮಿಲಿಮೀಟರ್ ಅಂತ ಬರೆಯಿರಿ. ಡಾಕ್ಟರು ವರ್ಗ ಆಗಿ ಹೋದರೂ ಹೊಸಬರಿಗೆ ಆ ಪುಸ್ತಕ ನೋಡಿದರೆ ತಿಳಿಯುತ್ತದೆ. ಆ ಕೋಣೆಯ ಹತ್ತಿರ ನೀರು ಬರುವ, ಚಿಲಕ ಇರುವ ಒಂದು ಸಂಡಾಸು ಇರಲಿ. ಬಸ್ ನಿಲ್ದಾಣಗಳ ಸಂಡಾಸಿನ ವಿಷಯ ಇನ್ನೊಂದು ಪತ್ರ ಆಗುತ್ತದೆ, ಅದನ್ನು ಮತ್ತೆ ಬರೆಯುತ್ತೇನೆ.

ಕೊಲೊನೋಸ್ಕೋಪಿ ಬೇಕಾದವರನ್ನು ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಿ. ದುಬಾರಿ ಇಂಜೆಕ್ಷನ್ ಶುರು ಮಾಡಲು ದೊಡ್ಡ ಆಸ್ಪತ್ರೆಯೇ ಬೇಕಾದರೆ ಹೋಗುತ್ತೇವೆ. ನಡುನಡುವೆ ನೋಡಿಸಿಕೊಳ್ಳುವುದು ಮಾತ್ರ ನಮ್ಮ ಜಿಲ್ಲೆಯಲ್ಲೇ ಆಗಲಿ. ಅದರಿಂದಲೇ ಎಷ್ಟೋ ಮನೆಗಳು ಸಾಲದಿಂದ ಉಳಿಯುತ್ತವೆ. ಈಗ ಅಷ್ಟು ದೂರ ಹೋಗಲು ಆಗದವರು ಏನು ಮಾಡುತ್ತಾರೆ? ನೋವು ಬಂದಾಗ ಮೆಡಿಕಲ್ ಶಾಪಿಗೆ ಹೋಗಿ ಹಳೆಯ ಚೀಟಿ ತೋರಿಸಿ ಸ್ಟೀರಾಯ್ಡ್ ತರುತ್ತಾರೆ, ನೋವು ಹೋದ ಮೇಲೆ ಎಲ್ಲಾ ಮಾತ್ರೆ ಬಿಡುತ್ತಾರೆ. ಒಂದು ದಿನ ಕರುಳು ಕಟ್ಟಿಕೊಂಡು ಎಮರ್ಜೆನ್ಸಿಗೆ ಬಂದು ಆಪರೇಷನ್ ಆಗುತ್ತದೆ. ಆಪರೇಷನ್ ಖರ್ಚು ಸರ್ಕಾರದ ಯೋಜನೆಯಿಂದ ಹೋದರೂ ಅದು ನಮ್ಮೆಲ್ಲರ ದುಡ್ಡೇ ಅಲ್ವಾ?

ಇದನ್ನು ಕಲಿಯುವ ಡಾಕ್ಟರುಗಳಿಗೆ ಕಾಯಿಲೆ ಇರುವ ಹೊಟ್ಟೆಗಳು ಬೇಕಾಗುತ್ತವೆ. ಕಲಿಯುವವರು ನಿಧಾನ ಮಾಡುತ್ತಾರೆ, ಜಾಸ್ತಿ ಒತ್ತುತ್ತಾರೆ, ಅದು ಇರುವುದೇ. ನಾನು ಬರಲು ತಯಾರಿದ್ದೇನೆ. ನನ್ನ ಕರುಳಿನಲ್ಲಿ ಕಾಯಿಲೆ ಎಲ್ಲಿದೆ ಅನ್ನುವ ಹಳೆಯ ರಿಪೋರ್ಟುಗಳನ್ನೂ ತರುತ್ತೇನೆ, ತಾವು ಕಂಡದ್ದನ್ನು ಅದರ ಜೊತೆ ತಾಳೆ ನೋಡಬಹುದು. ವಾರದ ರಜೆಯ ದಿನ ಬೆಳಗಿನ ಬಸ್ಸಿಗೆ ಹೊರಟರೆ ಆಸ್ಪತ್ರೆ ಬಾಗಿಲು ತೆರೆಯುವ ಹೊತ್ತಿಗೆ ರಾಯಚೂರಿನಲ್ಲಿ ಇರುತ್ತೇನೆ. ಆಸ್ಪತ್ರೆಯವರು ಯಾರಾದರೂ ಕೇಳಿದರೆ ನನ್ನ ವಿಳಾಸವನ್ನು ನಿಮ್ಮ ಕಚೇರಿಯಿಂದ ಕೊಡಿ. ಪತ್ರಿಕೆಯಲ್ಲಿ ಮಾತ್ರ ಹೆಸರು ಹಾಕಬೇಡಿ, ಮಗಳ ಮದುವೆ ಮಾತು ನಡೆಯುತ್ತಿದೆ.

ತಮ್ಮ ವಿಶ್ವಾಸಿ,
ಸಾರಿಗೆ ಸಂಸ್ಥೆಯ ಒಬ್ಬ ಕಂಡಕ್ಟರ್,
ಲಿಂಗಸುಗೂರು, ರಾಯಚೂರು ಜಿಲ್ಲೆ